ಭೇಟಿ ಪುಸ್ತಕದಿಂದ ಹಿಂದಿನ ಬೆಂಚಿಗೆ

ಮುಳಬಾಗಿಲು ತಾಲ್ಲೂಕಿನ ಒಂದು ಕ್ಲಸ್ಟರ್‌ಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ನಾನು ಸಿ.ಆರ್.ಪಿ. (ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಆಗಿ ಬಂದಾಗ 14 ವರ್ಷ ಪಾಠ ಮಾಡಿದ ಅನುಭವ ಇತ್ತು. ನನ್ನ ಪಾಲಿಗೆ 17 ಶಾಲೆಗಳು. ಮೊದಲ ವರ್ಷ ಎಲ್ಲ ಕಡೆ ಒಂದೇ ಥರ ಕೆಲಸ ಮಾಡಿದೆ. ಶಾಲೆಗೆ ಹೋಗುವುದು, ಹಾಜರಾತಿ ನೋಡುವುದು, ಬಿಸಿಯೂಟದ ಅಡುಗೆ ಕೋಣೆ ನೋಡುವುದು, ಒಂದು ತರಗತಿಯ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲುವುದು. ಹೊರಡುವ ಮುಂಚೆ ಭೇಟಿ ಪುಸ್ತಕದಲ್ಲಿ ಬರೆಯುವುದು: ‘ಚಟುವಟಿಕೆ ಆಧಾರಿತ ಬೋಧನೆಗೆ ಹೆಚ್ಚು ಒತ್ತು ನೀಡುವುದು.’

ಒಂದು ಶಾಲೆಯಲ್ಲಿ ಹಿರಿಯ ಮೇಷ್ಟ್ರೊಬ್ಬರು ಆ ಪುಸ್ತಕದ ಹಳೆಯ ಹಾಳೆಗಳನ್ನು ತಿರುವಿ ತೋರಿಸಿದರು. ನನಗಿಂತ ಮುಂಚೆ ಬಂದವರೂ ಅದೇ ವಾಕ್ಯ ಬರೆದಿದ್ದರು. ‘ಮೇಡಂ, ಒತ್ತು ಕೊಡೋದು ಹೇಗೆ ಅಂತ ಒಂದ್ಸಲ ಪಾಠ ಮಾಡಿ ತೋರಿಸಿ. ಐದನೇ ಕ್ಲಾಸಿಗೆ ಭಿನ್ನರಾಶಿ ಶುರುವಾಗಿದೆ’ ಅಂದರು. ಅವರ ಮಾತಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕಲಿಯುವ ಆಸೆ ಇತ್ತು.

ಮುಂದಿನ ವಾರ ಕಾಗದದ ಪಟ್ಟಿಗಳನ್ನು ಕತ್ತರಿಸಿಕೊಂಡು ಹೋದೆ. ಮಡಚಿದೆವು, ಬಣ್ಣ ಹಚ್ಚಿದೆವು, ಅರ್ಧ, ಕಾಲು, ಮುಕ್ಕಾಲು ಎಲ್ಲ ಆಯಿತು. ಮಕ್ಕಳು ಖುಷಿಯಾಗಿದ್ದರು. ಕೊನೆಗೆ ‘ಅರ್ಥ ಆಯ್ತಾ?’ ಅಂತ ಕೇಳಿದೆ. ‘ಆಯ್ತು ಮಿಸ್’ ಅಂತ ಇಡೀ ತರಗತಿ ಕೂಗಿತು. ಆಗ ಮೇಷ್ಟ್ರು ಎದ್ದು, ‘ನಾನೊಂದು ಪ್ರಶ್ನೆ ಕೇಳಲಾ ಮೇಡಂ?’ ಅಂದರು. ಹಲಗೆಯ ಮೇಲೆ 1/2, 1/4 ಎಂದು ಬರೆದರು. ‘ಇದರಲ್ಲಿ ಯಾವುದು ದೊಡ್ಡದು? ಪಕ್ಕದವರ ಸ್ಲೇಟು ನೋಡಬೇಡಿ, ಬರೆದು ಮೇಲಕ್ಕೆ ಎತ್ತಿ.’ 26 ಮಕ್ಕಳಿದ್ದರು. ಅರ್ಧ ಅಂತ ಬರೆದವರು 11 ಮಂದಿ. ಉಳಿದವರಲ್ಲಿ ಒಬ್ಬ ಹುಡುಗ ಕಾರಣವನ್ನೂ ಹೇಳಿದ: ‘ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ ಮಿಸ್?’

ನಾನು ಕಾಗದ ಮಡಚಿಸಿದ್ದೆ. ಆದರೆ ಅರ್ಧದ ತುಂಡನ್ನೂ ಕಾಲಿನ ತುಂಡನ್ನೂ ಒಂದರ ಮೇಲೊಂದು ಇಟ್ಟು ನೋಡಿ ಎಂದು ಮಕ್ಕಳಿಗೆ ಹೇಳಿರಲೇ ಇಲ್ಲ. ಚಟುವಟಿಕೆ ನಡೆದಿತ್ತು, ಕಲಿಕೆ ನಡೆದಿರಲಿಲ್ಲ. ಅದನ್ನು ತೋರಿಸಿಕೊಟ್ಟಿದ್ದು ಎರಡೇ ನಿಮಿಷದ ಸ್ಲೇಟಿನ ಕೆಲಸ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ವರ್ಷವಿಡೀ ನೋಡಿದ್ದು ಮೇಷ್ಟ್ರು ಏನು ಮಾಡುತ್ತಾರೆ ಅನ್ನುವುದನ್ನು. ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಕ್ಲಸ್ಟರ್‌ನ ಶಿಕ್ಷಕರೆಲ್ಲ ಸೇರುವ ಮುಂದಿನ ಸಮಾಲೋಚನಾ ಸಭೆಯಲ್ಲಿ ಆ 11 ಸ್ಲೇಟಿನ ಕತೆಯನ್ನೇ ಹೇಳಿದೆ. ಆಮೇಲೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಈ ವರ್ಷ ಎರಡೇ ವಿಷಯ. ಒಂದು, ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಮೂರು ಎಣಿಸುವವರೆಗೆ ಸುಮ್ನೆ ಇರುವುದು. ಎರಡು, ಕೈ ಎತ್ತಿದವರಿಂದ ಮಾತ್ರ ಉತ್ತರ ಪಡೆಯದೆ ಎಲ್ಲರಿಂದಲೂ ಸ್ಲೇಟಿನ ಮೇಲೆ ಪಡೆಯುವುದು. ಬೇರೆ ಏನನ್ನೂ ನಾನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮೂರು ಎಣಿಸುವುದು ನನ್ನ ತಲೆಯಿಂದ ಬಂದದ್ದಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಬರೆದ ವಿಷಯ ಅದು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರಂತೆ, ಅಷ್ಟೇ. ಅದನ್ನು ಮೂರು ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಕೇಳುವುದಕ್ಕೆ ಸಣ್ಣ ವಿಷಯ. ನೀವೇ ಮಾಡಿ ನೋಡಿ, ಮೂರು ಸೆಕೆಂಡ್ ಮೌನ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ನಮ್ಮ ಗಡಿ ಭಾಗಕ್ಕೆ ಇದು ಇನ್ನೂ ಜಾಸ್ತಿ ಬೇಕು. ಇಲ್ಲಿ ಬಹಳ ಮನೆಗಳಲ್ಲಿ ಮಾತು ತೆಲುಗು. ಮಗು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ತೆಲುಗಲ್ಲಿ ಯೋಚಿಸಿ, ಮತ್ತೆ ಕನ್ನಡಕ್ಕೆ ತಂದು ಹೇಳಬೇಕು. ಒಂದು ಸೆಕೆಂಡಲ್ಲಿ ಅದು ಹೇಗಾಗುತ್ತದೆ? ಒಂದು ದಿನ ಮೇಡಂ ಒಬ್ಬರು ಟೊಮೆಟೊ ಲೆಕ್ಕ ಕೇಳಿದರು. ನಮ್ಮ ಮಕ್ಕಳಿಗೆಲ್ಲ ಗೊತ್ತು, ಮಾರುಕಟ್ಟೆಗೆ ಹೋಗುವ ಬಾಕ್ಸ್ 15 ಕೆ.ಜಿ.ಯದು. ‘ಅರ್ಧ ಬಾಕ್ಸ್ ಅಂದ್ರೆ ಎಷ್ಟು ಕೆ.ಜಿ.?’ ಮೇಡಂ ಕಾದರು. ಕಿಟಕಿ ಪಕ್ಕ ಕೂತ ಒಂದು ಹುಡುಗಿ, ಆ ವರ್ಷ ನಾನು ಅವಳ ದನಿಯನ್ನೇ ಕೇಳಿರಲಿಲ್ಲ, ಮೆಲ್ಲಗೆ ‘ಏಡುನ್ನರ’ ಅಂದಳು. ಮೇಡಂ ಅವಳನ್ನು ತಿದ್ದಲಿಲ್ಲ. ‘ಸರಿಯಾಗಿ ಹೇಳಿದೆ ಕಣಮ್ಮ, ಏಳೂವರೆ. ಹೇಗೆ ಗೊತ್ತಾಯ್ತು?’ ಅಂತ ಕೇಳಿದರು. ಅವಳು ತೆಲುಗಲ್ಲೇ ಶುರು ಮಾಡಿ ಕನ್ನಡದಲ್ಲಿ ಮುಗಿಸಿದಳು: 14ರಲ್ಲಿ ಅರ್ಧ 7, ಉಳಿದ ಒಂದರಲ್ಲಿ ಅರ್ಧ.

ಇನ್ನು ಶಿಕ್ಷಕರ ವಿಷಯ. ನಾನು ತರಗತಿಗೆ ಕಾಲಿಟ್ಟ ಕೂಡಲೇ ಅವರ ದನಿ ಬದಲಾಗುತ್ತಿತ್ತು. ನಾನು ನೋಡಿದ್ದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗುತ್ತದೆ ಎಂಬ ಭಯ. ಆ ಭಯ ಇರುವವರೆಗೆ ಯಾರೂ ಹೊಸದನ್ನು ಮಾಡಿ ನೋಡುವುದಿಲ್ಲ. ಅದಕ್ಕೆ ಒಂದು ರೂಢಿ ಮಾಡಿಕೊಂಡೆ. ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟು ಕೊನೆಯ ಬೆಂಚಲ್ಲಿ ಮಕ್ಕಳ ಜೊತೆ ಪೂರ್ತಿ 40 ನಿಮಿಷ ಕೂರುತ್ತೇನೆ. ಪಾಠ ಮುಗಿದ ಮೇಲೆ ನಾನು ಬರೆದ ಹಾಳೆಯನ್ನು ನೋಟ್‌ಬುಕ್ಕಿನಿಂದ ಹರಿದು ಅವರ ಕೈಗೇ ಕೊಡುತ್ತೇನೆ. ನನ್ನ ಹತ್ತಿರ ಪ್ರತಿ ಇರುವುದಿಲ್ಲ.

ಆ ಹಾಳೆಯಲ್ಲಿ ಅಭಿಪ್ರಾಯವೂ ಇರುವುದಿಲ್ಲ. ಬೆಂಚುಗಳ ನಕ್ಷೆ ಇರುತ್ತದೆ, ಯಾವ ಮಗುವಿಗೆ ಪ್ರಶ್ನೆ ಹೋಯಿತೋ ಅಲ್ಲಿ ಒಂದು ಗೆರೆ. ನಿಜ ಹೇಳುತ್ತೇನೆ, ನಾನು ಮಾಡಿದ ಎಲ್ಲ ಕೆಲಸದಲ್ಲಿ ಜಾಸ್ತಿ ಫಲ ಕೊಟ್ಟಿದ್ದು ಈ ನಕ್ಷೆ. ಒಬ್ಬ ಮೇಡಂ ಪಾಠದಲ್ಲಿ 31 ಗೆರೆ ಬಿದ್ದಿತ್ತು, ಅದರಲ್ಲಿ 23 ಮುಂದಿನ ಎರಡು ಸಾಲಿಗೆ. ಬಲಗಡೆ ಹಿಂದಿನ ಮೂರು ಬೆಂಚುಗಳಿಗೆ ಒಂದೂ ಇಲ್ಲ. ನಾನು ಏನೂ ಹೇಳಲಿಲ್ಲ, ಹಾಳೆ ಕೊಟ್ಟು ಕೂತೆ. ಅವರು ಸ್ವಲ್ಪ ಹೊತ್ತು ನೋಡಿ, ‘ಅಯ್ಯೋ, ಈ ಮಕ್ಕಳು ನನಗೆ ಕಾಣಿಸ್ತಾನೇ ಇರಲಿಲ್ಲ’ ಅಂದರು. ಮುಂದಿನ ತಿಂಗಳು ನಾನು ಹೋಗುವಷ್ಟರಲ್ಲಿ ಅವರೇ ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಹೆಸರು ಬರೆದು ಡಬ್ಬಿಯಲ್ಲಿಟ್ಟಿದ್ದರು. ಪ್ರಶ್ನೆ ಕೇಳಿ, ಕಾದು, ಆಮೇಲೆ ಕಡ್ಡಿ ಎತ್ತುತ್ತಾರೆ. ಮೊದಲೇ ಕಡ್ಡಿ ಎತ್ತಿದರೆ ಉಳಿದವರು ಯೋಚನೆ ಬಿಡುತ್ತಾರೆ ಅನ್ನುವುದನ್ನು ಅವರೇ ಕಂಡುಕೊಂಡಿದ್ದರು.

ತಪ್ಪು ಉತ್ತರ ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ಇನ್ನೂ ಹೆಚ್ಚು ಸಮಯ ಹಿಡಿಯಿತು. ಸ್ಲೇಟು ಎತ್ತಿಸಿ, ತಪ್ಪು ನೋಡಿ, ಸರಿ ಉತ್ತರ ಹೇಳಿ ಮುಂದೆ ಹೋಗುವುದೇ ನಡೆಯುತ್ತಿತ್ತು. ಹಾಗಾದರೆ ಸ್ಲೇಟು ಯಾಕೆ? ಅದಕ್ಕೆ ಒಂದು ಅಳತೆ ಇಟ್ಟುಕೊಂಡೆವು. ಹತ್ತರಲ್ಲಿ ಎಂಟು ಮಕ್ಕಳು ಸರಿ ಬರೆದರೆ ಮುಂದಕ್ಕೆ, ಉಳಿದಿಬ್ಬರ ಪಕ್ಕ ಮೇಷ್ಟ್ರು ಹೋಗಿ ಕೂರಬೇಕು. ಅದಕ್ಕಿಂತ ಕಡಿಮೆ ಆದರೆ ಇನ್ನೊಂದು ಉದಾಹರಣೆ ತೆಗೆದುಕೊಂಡು ಮತ್ತೆ ಹೇಳಿಕೊಡಬೇಕು.

ಇದು ನಮ್ಮವರಿಗೆ ಹೊಸದೇ ಅಲ್ಲ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಕೊಠಡಿ ನೋಡಿ. ಮಕ್ಕಳ ಎತ್ತರಕ್ಕೆ ಗೋಡೆ ಹಲಗೆ, ಪ್ರತಿ ಮಗುವಿಗೂ ತನ್ನ ಜಾಗ, ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ಅದರದೇ ಮೆಟ್ಟಿಲು. ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಕಲಿಕೆವರೆಗೆ ಐದು ಗುಂಪು. ನಮ್ಮ ಗಡಿಯಾಚೆ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯಿಂದ ಪ್ರೇರಣೆ ಪಡೆದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕಟ್ಟಿದ್ದು ಅದು. ಮೂರನೇ ತರಗತಿವರೆಗೆ ಹಾಗೆ ಕಲಿತ ಮಗು ನಾಲ್ಕಕ್ಕೆ ಬಂದ ಕೂಡಲೇ ಕೈಕಟ್ಟಿ ಕೇಳಿಸಿಕೊಳ್ಳಬೇಕು. ‘ನಲಿಕಲಿಯಲ್ಲಿ ಮಾಡ್ತಿದ್ದದ್ದನ್ನೇ ಮುಂದುವರಿಸಿ’ ಎಂದು ಹೇಳಿದಾಗ ಶಿಕ್ಷಕರಿಗೆ ಬೇಗ ಹಿಡಿಸಿತು.

ಮುಖ್ಯ ಶಿಕ್ಷಕರು ಜೊತೆ ನಿಂತ ಕಡೆ ಮಾತ್ರ ಇದು ಉಳಿಯಿತು. ಒಂದು ಶಾಲೆಯ ಹೆಚ್.ಎಂ. ಮೇಡಂ ಮೊದಲು ತಮ್ಮ ಏಳನೇ ತರಗತಿಯ ಬಾಗಿಲನ್ನೇ ತೆರೆದರು. ‘ಬನ್ನಿ, ನನ್ನ ಪಾಠ ನೋಡಿ, ನನ್ನ ನಕ್ಷೆ ಬರೀರಿ’ ಎಂದು ಉಳಿದವರನ್ನು ಕರೆದರು. ಶನಿವಾರ ಮಕ್ಕಳು ಮನೆಗೆ ಹೋದ ಮೇಲೆ 20 ನಿಮಿಷ ಎಲ್ಲರೂ ಕೂತು ಆ ವಾರದ ಒಂದು ತಪ್ಪು ಉತ್ತರದ ಬಗ್ಗೆ ಮಾತಾಡುತ್ತಾರೆ. ಆ 20 ನಿಮಿಷದಲ್ಲಿ ಸುತ್ತೋಲೆ, ಲೆಕ್ಕ, ಆನ್‌ಲೈನ್ ಎಂಟ್ರಿ ಯಾವುದನ್ನೂ ತೆಗೆಯುವ ಹಾಗಿಲ್ಲ. ಇನ್ನೊಂದು ಶಾಲೆಯಲ್ಲಿ ಹೆಚ್.ಎಂ. ಒಳ್ಳೆಯವರೇ, ಆದರೆ ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಕೆಲಸ, ಸಭೆ ಎಂದು ತರಗತಿ ಕಡೆ ಹೋಗುವುದಕ್ಕೇ ಅವರಿಗೆ ಆಗಲಿಲ್ಲ. ಅಲ್ಲಿ ಎರಡು ತಿಂಗಳಲ್ಲಿ ಸ್ಲೇಟುಗಳು ಬೀರು ಸೇರಿದವು.

ಇಬ್ಬರೇ ಶಿಕ್ಷಕರಿರುವ ಶಾಲೆಗಳು ನನ್ನನ್ನು ಈಗಲೂ ಕಾಡುತ್ತವೆ. ಒಬ್ಬರು ತರಬೇತಿಗೆ ಹೋದರೆ ಇನ್ನೊಬ್ಬರಿಗೆ ಐದು ತರಗತಿ. ಅಲ್ಲಿ ನಕ್ಷೆ ಬರೆದು ಕೊಡುವುದರಲ್ಲಿ ಅರ್ಥವಿಲ್ಲ. ಅಂಥ ದಿನ ನಾನು ಹೋದರೆ ನಾಲ್ಕು ಮತ್ತು ಐದನೇ ತರಗತಿಯನ್ನು ನಾನೇ ತೆಗೆದುಕೊಳ್ಳುತ್ತೇನೆ. ಈ ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ವರ್ಷಾರಂಭದ ಪಾಠಗಳು) ಶುರುವಾಗುವ ಹೊತ್ತಿಗೆ ಅಂಥ ನಾಲ್ಕು ಶಾಲೆಗಳ ಶಿಕ್ಷಕರನ್ನು ಒಂದೆಡೆ ಕೂರಿಸಿ, ಎರಡು ತರಗತಿಗೆ ಒಟ್ಟಿಗೆ ಕೇಳಬಹುದಾದ ಸ್ಲೇಟು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು ಅಂತಿದ್ದೇವೆ. ಮೊದಲನೆಯದು ಆಗಲೇ ಸಿದ್ಧವಿದೆ. ಕೊಟ್ಟವರು ಅದೇ ಹಿರಿಯ ಮೇಷ್ಟ್ರು: 1/2, 1/4, ಯಾವುದು ದೊಡ್ಡದು?