ಕಣ್ಣೀರು ಎಂಟರಲ್ಲಿ ಒಂದು

ನನ್ನ ಮೊದಲ ನೃತ್ಯಚಿತ್ರದಲ್ಲಿ ಹುಡುಗಿ ನಾಲ್ಕು ನಿಮಿಷ ಅಳುತ್ತಾಳೆ. ಹಿನ್ನೆಲೆಗೆ ಪಿಟೀಲು, ಕಿಟಕಿಯ ಗಾಜಿನ ಮೇಲೆ ಮಳೆ ಹನಿ, ಕೊನೆಗೆ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಳ್ಳುವುದು. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಅದನ್ನು ಚಿಗವ್ವನಿಗೆ ತೋರಿಸಿದೆ. ಅವಳು ಪೂರ್ತಿ ನೋಡಿ, ಮೊಬೈಲ್ ಮರಳಿ ಕೈಗಿಟ್ಟು, "ಪಾಪ, ಏನಾಗಿದೆ ತಂಗಿ ಈ ಹುಡುಗಿಗೆ?" ಎಂದು ಕೇಳಿದಳು. ಮರುಕದಿಂದಲೇ ಕೇಳಿದಳು. ಆದರೆ ನನ್ನ ಬಳಿ ಉತ್ತರವಿರಲಿಲ್ಲ. ಹುಡುಗಿ ಅಳುತ್ತಾಳೆ ಎಂಬುದನ್ನು ಬಿಟ್ಟರೆ ಅವಳ ಬಗ್ಗೆ ನನಗೂ ಏನೂ ಗೊತ್ತಿರಲಿಲ್ಲ.

ನಾನು ಭರತನಾಟ್ಯ ಕಲಿಸುವವಳು. ವೇದಿಕೆಯ ಅಭಿನಯ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಮುಟ್ಟಬೇಕು. ಅದಕ್ಕೇ ಹುಬ್ಬು, ಕಣ್ಣು, ತುಟಿ ಎಲ್ಲವನ್ನೂ ಒಂದು ಪಾಲು ಹೆಚ್ಚಿಗೆ ಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಡುತ್ತೇವೆ. ಕ್ಯಾಮೆರಾ ಕೊನೆಯ ಸಾಲಿನಲ್ಲಿ ಕೂರುವುದಿಲ್ಲ, ಮೊಳದ ದೂರದಲ್ಲಿ ಕೂರುತ್ತದೆ. ಅಷ್ಟು ಹತ್ತಿರದಲ್ಲಿ ವೇದಿಕೆಯ ಕರುಣ ರಸ ಕೂಗಿದಂತೆ ಕಾಣುತ್ತದೆ. ಈ ಮಾತು ಎಲ್ಲರಿಗೂ ಗೊತ್ತಿರಬಹುದು. ನನಗೆ ಗೊತ್ತಾಗಲು ಒಂದು ಚಿತ್ರ ಖರ್ಚಾಯಿತು.

ಆಮೇಲೆ ಹೊಸ ಪುಸ್ತಕ ಹುಡುಕಲಿಲ್ಲ, ಮಕ್ಕಳಿಗೆ ಬಾಯಿಪಾಠ ಮಾಡಿಸುವ ಶಾಸ್ತ್ರಕ್ಕೇ ಹಿಂತಿರುಗಿದೆ. ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಅಂದರೆ ಮೈ ಮರಗಟ್ಟುವುದು, ಬೆವರುವುದು, ರೋಮ ನಿಲ್ಲುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ಕಣ್ಣೀರು ಎಂಟರಲ್ಲಿ ಒಂದು ಮಾತ್ರ. ಉಳಿದ ಏಳನ್ನು ನಾನು ಪರೀಕ್ಷೆಯ ಉತ್ತರವಾಗಿಯಷ್ಟೇ ಇಟ್ಟುಕೊಂಡಿದ್ದೆ. ಮುಂಗೈ ಮೇಲಿನ ರೋಮಾಂಚ, ಬೆರಳ ತುದಿಯ ನಡುಕ ವೇದಿಕೆಯ ಮೇಲೆ ಯಾರಿಗೂ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಕಾಣುತ್ತದೆ. ಮೊಬೈಲ್ ನನಗೆ ಕೊಟ್ಟ ದೊಡ್ಡ ಉಡುಗೊರೆ ಇದು.

ಎರಡನೆಯ ಚಿತ್ರ ಸಿಟ್ಟಿನದು. ನುಂಗಿಕೊಂಡ ಸಿಟ್ಟು. ವಸ್ತು ಹುಡುಕಲು ದೂರ ಹೋಗಲಿಲ್ಲ: ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಾಳೆ, ಪಕ್ಕದ ಕೋಣೆಯಿಂದ ಅವಳ ಬಗ್ಗೆಯೇ ಮಾತು ಕೇಳಿಸುತ್ತಿದೆ. ಕುಣಿದವಳು ನನ್ನ ಹಳೆಯ ಶಿಷ್ಯೆ, ಈಗ ಎರಡು ಮಕ್ಕಳ ತಾಯಿ. ಮೊದಲ ತಾಲೀಮಿನಲ್ಲಿ, ಸಿಟ್ಟು ಏರಿದಂತೆ ಜೋರಾಗಿ ಬಡಿ ಎಂದು ಹೇಳಿದೆ. ಅವಳು ಕೈ ನಿಲ್ಲಿಸಿ, "ಅಕ್ಕ, ಜೋರಾಗಿ ಬಡಿದರೆ ರೊಟ್ಟಿ ಹರಿಯುತ್ತದೆ. ಹರಿದರೆ ಅದಕ್ಕೂ ಒಂದು ಮಾತು ಕೇಳಬೇಕಾಗುತ್ತದೆ. ಸಿಟ್ಟು ಬಂದ ದಿನವೇ ನನ್ನ ರೊಟ್ಟಿ ತೆಳ್ಳಗೆ, ದುಂಡಗೆ ಬರುವುದು" ಎಂದಳು.

ಇಡೀ ಚಿತ್ರ ಆ ಮಾತಿನಲ್ಲಿತ್ತು. ಅಂದಿನಿಂದ ನಾನು ಭಾವವನ್ನು ಮೊದಲು ಕೇಳುವುದಿಲ್ಲ, ಕೆಲಸವನ್ನು ಕೇಳುತ್ತೇನೆ. ಆ ಹೊತ್ತಿನಲ್ಲಿ ಕೈ ಏನು ಮಾಡುತ್ತಿತ್ತು? ಕೆಲಸ ಎಲ್ಲಿ ತಡೆಯಿತು? ಭಾವ ಇರುವುದು ಆ ತಡೆಯಲ್ಲಿ.

ಹಾಗಾದರೆ ಕೈಗೆ ಬಾರದ ಸಿಟ್ಟು ಎಲ್ಲಿಗೆ ಹೋಗುತ್ತದೆ? ಎರಡು ವಾರ ನಾವು ಅಡುಗೆಮನೆಯಲ್ಲಿ ಕುಳಿತು ಇದನ್ನೇ ಹುಡುಕಿದೆವು. ಎಸರು ಹಾಕಿ ಹಿಟ್ಟು ನಾದುವುದು, ಉಂಡೆ ಕಟ್ಟುವುದು, ಒಂದು ಕೈ ಬಡಿಯುವಾಗ ಇನ್ನೊಂದು ಅಂಚು ತಿರುಗಿಸುವುದು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುವುದು. ಅವಳು ಕೆಲಸ ಮಾಡುತ್ತ ಹೋದಳು, ನಾನು ಕೈ ಬಿಟ್ಟು ಬೇರೆಲ್ಲ ನೋಡಿದೆ. ಕಾಲಿನ ಹೆಬ್ಬೆರಳು ನೆಲಕ್ಕೆ ಊರಿಕೊಂಡಿತ್ತು. ಉಗುರು ಬೆಳ್ಳಗಾಗುವಷ್ಟು ಊರಿಕೊಂಡಿತ್ತು. ಮಾತು ಕೇಳಿದಾಗ ಉಸಿರು ಒಳಗೆ ನಿಂತು, ರೊಟ್ಟಿ ತಿರುವಿ ಹಾಕಿದ ಮೇಲೆಯೇ ಹೊರಗೆ ಬರುತ್ತಿತ್ತು. ನಾನು ಸೇರಿಸಿದ್ದು ತಾಳವೊಂದನ್ನೇ. ಬಡಿತವನ್ನು ಚತುರಶ್ರದಲ್ಲಿ, ನಾಲ್ಕರ ಎಣಿಕೆಯಲ್ಲಿ ಆರಂಭಿಸಿ, ಮಾತು ಚುಚ್ಚಿದ ಕಡೆ ಖಂಡಕ್ಕೆ, ಐದಕ್ಕೆ ಜಾರಿಸಿದೆವು. ಸದ್ದು ಏರುವುದಿಲ್ಲ, ವೇಗ ಹೆಚ್ಚುವುದಿಲ್ಲ, ಎಣಿಕೆಯಲ್ಲಿ ಒಂದು ಏಟು ಹೆಚ್ಚಿಗೆ ಬೀಳುತ್ತದೆ ಅಷ್ಟೇ. ತಾಳದ ಗಂಧವಿಲ್ಲದ ನನ್ನ ಚಿಗವ್ವನೂ ಅಲ್ಲಿ ತಲೆಯೆತ್ತಿ ನೋಡಿದಳು.

ಕೊನೆಯ ದೃಶ್ಯ ಹಂಚಿನ ಮೇಲೆ ಉಬ್ಬುವ ರೊಟ್ಟಿ. ಅವಳ ಮುಖವನ್ನು ಆಗ ತೋರಿಸುವುದಿಲ್ಲ. ರೊಟ್ಟಿ ಉಬ್ಬಿ, ಒಂದು ಕಡೆ ಬಿರಿದು, ಆವಿ ಹೊರಬರುತ್ತದೆ. ಹನ್ನೊಂದು ರೊಟ್ಟಿ ಸುಟ್ಟಮೇಲೆ ನಮಗೆ ಬೇಕಾದ ಜಾಗದಲ್ಲಿ ಒಂದು ಬಿರಿಯಿತು.

ಅಡುಗೆಮನೆಯಲ್ಲಿ ಚಿತ್ರಿಸುವವರಿಗೆ ಒಂದು ಉಪಯುಕ್ತ ಮಾತು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುವುದುಂಟು. ಸೆಕೆಂಡಿಗೆ 25 ಫ್ರೇಮ್, ಷಟರ್ (ಒಂದೊಂದು ಫ್ರೇಮ್ ಬೆಳಕು ಹಿಡಿಯುವ ಹೊತ್ತು) ಸೆಕೆಂಡಿನ 1/50 ಎಂದು ಕೈಯಾರೆ ನಿಗದಿ ಮಾಡಿದರೆ ಪಟ್ಟೆ ಹೋಗುತ್ತದೆ, ಕೈಯ ಚಲನೆಗೆ ಕಣ್ಣಿಗೆ ಒಗ್ಗುವ ಒಂದಿಷ್ಟು ಮಸುಕೂ ಬರುತ್ತದೆ. ಷಟರ್ ಇನ್ನೂ ವೇಗವಾಗಿದ್ದರೆ ಬಡಿಯುವ ಕೈ ತುಂಡು ತುಂಡಾಗಿ ಕಾಣುತ್ತದೆ. ಬೆಳಕಿನ ಮಟ್ಟವನ್ನೂ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಒಲೆಯ ಉರಿ ಎದ್ದಾಗಲೆಲ್ಲ ಮುಖ ಕಪ್ಪಾಗುತ್ತದೆ. ಸದ್ದನ್ನು ನಾವು ಬೇರೆಯಾಗಿಯೇ ಹಿಡಿದೆವು, ಫ್ಯಾನ್ ಮತ್ತು ಫ್ರಿಜ್ ಎರಡನ್ನೂ ಆರಿಸಿ, ಇನ್ನೊಂದು ಮೊಬೈಲನ್ನು ಹಲಗೆಯಿಂದ ಗೇಣು ದೂರದಲ್ಲಿ ಮಡಿಸಿದ ಟವೆಲ್ ಮೇಲಿಟ್ಟು.

ಈ ಚಿತ್ರದ ತಾಲೀಮಿನಲ್ಲಿ ನಡೆದ ಒಂದು ಸಂಗತಿಯನ್ನು ಬಿಡುವಂತಿಲ್ಲ. ಐದನೆಯ ದಿನ ಅವಳ ಕೈ ನಿಂತಿತು. ಅಭಿನಯವೆಂದುಕೊಂಡು ನಾನು ನೋಡುತ್ತಲೇ ಇದ್ದೆ. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ಅವಳು ನಡುಗತೊಡಗಿದಾಗ ಮೊಬೈಲ್ ಬಂದ್ ಮಾಡಿದೆ. ಆ ದೃಶ್ಯ ಚಿತ್ರಿತವಾಗಿತ್ತು, ಬಹಳ ಪರಿಣಾಮಕಾರಿಯಾಗಿಯೂ ಇತ್ತು. ಸಂಜೆ ಇಬ್ಬರೂ ಕೂತು ಅದನ್ನು ಅಳಿಸಿದೆವು. ಅಂದಿನಿಂದ ನನ್ನ ಕಟ್ಟುಪಾಡು ಇದು: ಹಸಿ ಗಾಯವನ್ನು ಕುಣಿಸುವುದಿಲ್ಲ. ಸ್ವಂತ ಕಥೆಯಾದರೆ ಪಾತ್ರಕ್ಕೆ ಬೇರೆ ಹೆಸರು, ಬೇರೆ ಸೀರೆ, ಬೇರೆ ಮನೆ ಕೊಡುತ್ತೇವೆ. ಪ್ರತಿ ಟೇಕ್ ಮುಗಿದಮೇಲೆ ಕೈಕಾಲು ತೊಳೆದು, ಚಹಾ ಕುಡಿದು, ಬೇರೆ ಮಾತಾಡುತ್ತೇವೆ. ಯಾವ ಹಂತದಲ್ಲಿ ಬೇಡವೆಂದರೂ ಚಿತ್ರ ನಿಲ್ಲುತ್ತದೆ, ಕಾರಣ ಕೇಳುವುದಿಲ್ಲ. ಕುಣಿತ ಮನಸ್ಸನ್ನು ಹಗುರ ಮಾಡಬಹುದು, ಚಿಕಿತ್ಸೆಯಾಗಲಾರದು. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ನಮ್ಮ ತರಗತಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿದ್ದೇನೆ.

ಮೂರನೆಯದು ಮುಳುಗಡೆಯ ಚಿತ್ರ. ಬಾಗಲಕೋಟೆಯಲ್ಲಿದ್ದು ಈ ವಸ್ತುವನ್ನು ಮುಟ್ಟದೆ ಇರುವುದು ನನ್ನಿಂದಾಗಲಿಲ್ಲ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆಲಮಟ್ಟಿ ಜಲಾಶಯದಲ್ಲಿ ನೀರು 519.60 ಮೀಟರ್ ಮಟ್ಟಕ್ಕೆ ನಿಂತಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಮ್ಮುಖವಾಗಿ ಏರಿ ಬರುತ್ತದೆ. ಹಳೆಯ ಊರಿನ ಓಣಿಗಳು, ಸುತ್ತಲಿನ ಹಳ್ಳಿಗಳು ನೀರಿಗೆ ಹೋದವು. ಓಣಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದವರು, ಪುನರ್ವಸತಿಗೆಂದು ಕಟ್ಟಿದ ನವನಗರದಲ್ಲಿ ಸೆಕ್ಟರ್ ಸಂಖ್ಯೆಯಿಂದ ಗುರುತಿಸಿಕೊಳ್ಳತೊಡಗಿದರು.

ನಮ್ಮ ಸೆಕ್ಟರಿನಲ್ಲಿ ಒಬ್ಬ ಆಯಿ ಇದ್ದಾರೆ. ಅವರದು ಘಟಪ್ರಭೆಯ ದಂಡೆಯ ಒಂದು ಹಳ್ಳಿ. ಹೆಸರು ಬರೆಯಬಾರದೆಂದು ಹೇಳಿದ್ದಾರೆ. ಮನೆ ಹೇಗಿತ್ತು ಆಯಿ ಎಂದು ಕೇಳಿದರೆ ಅವರು ಬಾಯಿಂದ ಹೇಳಲಿಲ್ಲ, ನನ್ನೆದುರು ಕುಳಿತು ಕೈಯಿಂದ ಕಟ್ಟಿದರು. ಇಲ್ಲಿ ತಲಬಾಗಿಲು. ಚಿಲಕ ಮೇಲೆ, ಅದಕ್ಕೆ ಕೈ ಹೀಗೆ ಎತ್ತಬೇಕು. ಹೊಸ್ತಿಲು ಎತ್ತರ, ಸೀರೆಯ ನಿರಿಗೆ ಹೀಗೆ ಹಿಡಿಯಬೇಕು. ಒಳಗೆ ಬಂದರೆ ಬಲಕ್ಕೆ ನೀರಿನ ಹಂಡೆ, ಬಗ್ಗಬೇಕು. ಅದರಾಚೆ ಕಾಳು ತುಂಬಿಡುವ ಹಗೇವು, ಅದನ್ನು ಸುತ್ತಿಕೊಂಡು ನಡೆಯಬೇಕು. ಮನೆ ಹೋಗಿ ಎಷ್ಟೋ ವರ್ಷಗಳಾದರೂ ಅವರ ಭುಜಕ್ಕೆ ಚಿಲಕದ ಎತ್ತರ ನೆನಪಿತ್ತು, ಮೊಣಕಾಲಿಗೆ ಹೊಸ್ತಿಲು ನೆನಪಿತ್ತು. ನಾನು ಸಂಯೋಜಿಸಬೇಕಾದದ್ದು ಏನೂ ಉಳಿದಿರಲಿಲ್ಲ. ನೃತ್ಯದ ಅಡವು ಹಾಕಲಿಲ್ಲ, ಕೈಮುದ್ರೆ ಹಾಕಲಿಲ್ಲ. ಆ ನಡಿಗೆಯನ್ನು ಇದ್ದ ಹಾಗೇ ಕಲಿತೆವು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಬುನಾದಿಗಳು ಅಲ್ಲಲ್ಲಿ ಮೇಲೇಳುತ್ತವೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋದೆವು. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಕೆಲಸ ಮುಗಿಯಬೇಕು, ಆಮೇಲೆ ಬರಿಗಾಲು ನೆಲಕ್ಕೆ ಇಡಲಾಗುವುದಿಲ್ಲ. ಎರೆಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರು ಹಾಗೇ ಇರುತ್ತದೆ. ನೃತ್ಯಗಾತಿ ಕಾಲಿಡುವ ಪ್ರತಿ ಜಾಗವನ್ನೂ ಮೊದಲು ಕೋಲಿನಿಂದ ಚುಚ್ಚಿ ನೋಡಿದೆವು, ಜಾಗ ಬಲ್ಲ ಕುರಿ ಕಾಯುವವರೊಬ್ಬರನ್ನು ಜೊತೆಗಿಟ್ಟುಕೊಂಡಿದ್ದೆವು. ಉಡುಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಇಳಕಲ್ ಸೀರೆಯಲ್ಲಿ ಒಡಲಿಗೊಂದು, ಸೆರಗಿಗೊಂದು ಬೇರೆ ಬೇರೆ ಹಾಸು (ಉದ್ದದ ನೂಲು), ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯ ಗೆರೆಯ ಮೇಲೆ ಬೆರಳು ಓಡಿಸುವುದನ್ನು ಒಂದು ಸಮೀಪದ ಷಾಟ್‌ನಲ್ಲಿ ಹಿಡಿದಿದ್ದೇವೆ.

ಮನೆಯಿಂದ ಮನೆಗೆ ದಾಟಿಸುವ ಉಪಾಯವನ್ನು ಮಾಯಾ ಡೆರೆನ್ ಅವರಿಂದ ಕಲಿತೆ. ಅಮೆರಿಕದಲ್ಲಿ 1945ರಲ್ಲಿ ಅವರು ಮಾಡಿದ ಕೆಲವೇ ನಿಮಿಷಗಳ ಮೌನಚಿತ್ರದಲ್ಲಿ ನರ್ತಕ ಕಾಡಿನಲ್ಲಿ ಕಾಲೆತ್ತಿ ಮನೆಯೊಳಗೆ ಇಳಿಸುತ್ತಾನೆ. ನಮ್ಮ ಚಿತ್ರದಲ್ಲಿ ನವನಗರದ ಮನೆಯ ಟೈಲ್ಸ್ ನೆಲದಿಂದ ಎದ್ದ ಕಾಲು ಎರೆಮಣ್ಣಿನ ಮೇಲೆ ಊರುತ್ತದೆ. ಇದಕ್ಕೆ ದುಬಾರಿ ಸಾಧನವೇನೂ ಬೇಡ. ಎರಡೂ ಕಡೆ ಕ್ಯಾಮೆರಾ ನೆಲದಿಂದ ಅಷ್ಟೇ ಎತ್ತರದಲ್ಲಿರಬೇಕು, ಬೆಳಕು ಅದೇ ಬದಿಯಿಂದ ಬರಬೇಕು, ಎರಡೂ ಕಡೆ ಹೆಜ್ಜೆಯನ್ನು ಆರಂಭದಿಂದ ಕೊನೆಯವರೆಗೆ ಪೂರ್ತಿ ಇಡಬೇಕು. ಕತ್ತರಿ ಹಾಕುವುದು ಕಾಲು ಗಾಳಿಯಲ್ಲಿ ಚಲಿಸುತ್ತಿರುವಾಗ. ನಿಂತಾಗ ಕತ್ತರಿಸಿದರೆ ಜೋಡಣೆ ಕಣ್ಣಿಗೆ ತಟ್ಟುತ್ತದೆ.

ಸಂಗೀತದ ಬಗ್ಗೆ ಜಗಳವೇ ಆಯಿತು. ಸಂಕಲನ ಮಾಡುತ್ತಿದ್ದ ಹುಡುಗ ನಿಧಾನ ಲಯದ ಕೊಳಲು ಬೇಕೆಂದ. ದುಃಖ ನಿಧಾನವಾಗಿಯೇ ಇರಬೇಕೆಂದು ಯಾರು ಹೇಳಿದರು? ನಮ್ಮ ಕಡೆ ಮೊಹರಂನಲ್ಲಿ ಹೆಜ್ಜೆ ಮೇಳದವರು ಕರ್ಬಲಾದ ಕಥೆಯ ರಿವಾಯತ್ ಪದ ಹಾಡುತ್ತ ಕುಣಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಪದದಲ್ಲಿ ಸಾವು, ಕಾಲಲ್ಲಿ ಬಿಡುವಿಲ್ಲದ ಹೆಜ್ಜೆ. ಶೋಕ ಅಲ್ಲಿ ಕುಸಿಯುವುದಿಲ್ಲ, ಸಾಲು ಕಟ್ಟಿ ನಡೆಯುತ್ತದೆ. ಕೊನೆಗೆ ಚಿತ್ರಕ್ಕೆ ಸಂಗೀತವನ್ನೇ ಹಾಕಲಿಲ್ಲ. ಗಾಳಿ, ಕಾಲ ಕೆಳಗೆ ಒಡೆಯುವ ಮಣ್ಣಿನ ಹೆಕ್ಕಳಿಕೆ, ಚಿಲಕ ತೆಗೆಯುವ ಸದ್ದು. ಚಿಲಕ ಕಾಣುವುದಿಲ್ಲ, ಕೇಳಿಸುತ್ತದೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲು ಇಷ್ಟು ಹತ್ತಿರ ಇರುವಾಗ ಅಲ್ಲೇಕೆ ಚಿತ್ರಿಸುವುದಿಲ್ಲ ಎಂದು ಹಲವರು ಕೇಳುತ್ತಾರೆ. ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಬೇಕು ಎಂಬುದು ಒಂದು ಮಾತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಚೆಲುವಾದ ಕಲ್ಲಿನ ಮುಂದೆ ಒಬ್ಬ ಹೆಂಗಸಿನ ಹೆಬ್ಬೆರಳನ್ನು ಯಾರು ನೋಡುತ್ತಾರೆ?

ಚಿತ್ರ ಸಿದ್ಧವಾದಾಗ ಆಯಿಯ ಮನೆಗೆ ಹೋದೆ. ಅವರು ಒಪ್ಪದೆ ಬೇರೆ ಯಾರಿಗೂ ತೋರಿಸುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿದ್ದೆ. ಮೂರೂವರೆ ನಿಮಿಷ ಅವರು ಮಿಸುಕಲಿಲ್ಲ. ಮುಗಿದಮೇಲೆ ಇನ್ನೊಮ್ಮೆ ಹಚ್ಚು ಎಂದರು. ಎರಡನೆಯ ಸಲ, ಹುಡುಗಿ ಬಲಗೈ ಎತ್ತಿದ ಕಡೆ, ಪರದೆಯ ಮೇಲೆ ಬೆರಳಿಟ್ಟರು. "ಚಿಲಕ ಎಡಕ್ಕಿತ್ತು, ತಂಗಿ."

ತಪ್ಪು ಎಲ್ಲಿ ಆಯಿತೆಂದು ಆ ಕ್ಷಣವೇ ಹೊಳೆಯಿತು. ನೃತ್ಯದ ತರಗತಿಯಲ್ಲಿ ಗುರು ಎದುರು ನಿಂತು ಕಲಿಸುವಾಗ ಮಕ್ಕಳು ಕನ್ನಡಿಯಂತೆ ಹಿಡಿಯುತ್ತಾರೆ. ಆಯಿ ಎದುರು ಕುಳಿತು ಮನೆ ಕಟ್ಟಿದಾಗ ನಾವೂ ಹಾಗೇ ಹಿಡಿದಿದ್ದೆವು. ಹಂಡೆ, ಹಗೇವು, ಚಿಲಕ ಎಲ್ಲ ಮಗ್ಗುಲು ಬದಲಿಸಿದ್ದವು. ಚಿತ್ರವನ್ನು ತಂತ್ರಾಂಶದಲ್ಲಿ ಎಡಬಲ ತಿರುವಿಬಿಡೋಣ ಎಂದ ಹುಡುಗ. ತಿರುವಿ ನೋಡಿದರೆ ಸೀರೆಯ ಸೆರಗು ಬಲ ಹೆಗಲಿಗೆ ಬಂತು.

ನೀರು ಇನ್ನೂ ತುಂಬಿದೆ. ಮೇ ಬರಲಿ. ಅಲ್ಲಿಯವರೆಗೆ ಹುಡುಗಿ ವಾರಕ್ಕೆರಡು ಸಂಜೆ ಆಯಿಯ ಮನೆಗೆ ಹೋಗುತ್ತಾಳೆ, ಈ ಸಲ ಅವರ ಎದುರಿಗಲ್ಲ, ಪಕ್ಕದಲ್ಲಿ ಕೂರುತ್ತಾಳೆ.