ಸ್ಟೆಂಟ್ ಹಾಕಿಸಿಕೊಂಡವರ ಬೀಡಿ ಬಿಡಿಸುವ ಕೆಲಸ

ಹಾರ್ಟ್ ಅಟ್ಯಾಕ್ ಆಗಿ ವಾರ್ಡಿಗೆ ಬಂದವರ ಜೊತೆ ಕೂತು ಬೀಡಿ, ಸಿಗರೇಟು ಬಿಡಿಸುವುದು ನನ್ನ ಕೆಲಸ. ಆಸ್ಪತ್ರೆಯಲ್ಲಿ ಇರುವಷ್ಟು ದಿನ ಇದು ಸುಲಭ. ಪ್ರಾಣಭಯ ಇರುತ್ತದೆ, ಜೇಬಿನಲ್ಲಿ ಬೆಂಕಿಪೊಟ್ಟಣ ಇರುವುದಿಲ್ಲ. "ದೇವ್ರಾಣೆ, ಇನ್ನು ಮುಟ್ಟಲ್ಲ ಮೇಡಂ" ಅನ್ನುತ್ತಾರೆ. ಆ ಆಣೆಯನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ. ಮನೆಗೆ ಹೋದ ಮೇಲೆ ಬೆಳಗ್ಗೆ ಟೀ ಕುಡಿದು ಏನು ಮಾಡ್ತೀರಿ ಅಂತ ಕೇಳುತ್ತೇನೆ. ಆಗ ನಿಜವಾದ ಮಾತು ಶುರುವಾಗುತ್ತದೆ.

ಎದ್ದ ಕೂಡಲೇ ಒಂದು, ಊಟ ಆದ ಮೇಲೆ ಒಂದು, ಬಸ್ ಕಾಯುವಾಗ ಒಂದು. "ಬೆಳಗ್ಗೆ ಸೇದದಿದ್ದರೆ ಹೊಟ್ಟೆ ಸರಿ ಹೋಗಲ್ಲ" ಅನ್ನುವವರೂ ಜಾಸ್ತಿ. ಇದಕ್ಕೆ ನಗಬಾರದು. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಆಗುವುದು ನಿಜ. ಸೊಪ್ಪು, ತರಕಾರಿ, ಹಣ್ಣು ಹೇಳುತ್ತೇನೆ. ಆದರೆ "ಆಸೆ ಆದಾಗೆಲ್ಲ ನೀರು ಕುಡಿಯಿರಿ" ಅಂತ ಎಲ್ಲರಿಗೂ ಸುಮ್ನೆ ಹೇಳುವ ಹಾಗಿಲ್ಲ. ಹೃದಯದ ಶಕ್ತಿ ಕುಂದಿದವರಿಗೆ ಡಾಕ್ಟರು ನೀರಿಗೂ ಮಿತಿ ಹಾಕಿರುತ್ತಾರೆ. ಅಂಥವರಿಗೆ ಎದ್ದು ನಿಧಾನಕ್ಕೆ ನಾಲ್ಕು ಹೆಜ್ಜೆ ಓಡಾಡಿ ಅನ್ನುತ್ತೇನೆ. ಆ ತುಡಿತ ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ಇಳಿಯುತ್ತದೆ.

ಪ್ಯಾಕಿನ ಮೇಲಿನ ಕ್ಯಾನ್ಸರ್ ಚಿತ್ರ ಎಲ್ಲರಿಗೂ ಗೊತ್ತು. ಹೊಗೆಗೂ ಹೃದಯಕ್ಕೂ ಏನು ಸಂಬಂಧ ಅನ್ನುವುದು ಗೊತ್ತಿರುವುದಿಲ್ಲ. ಹೊಗೆ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಮಾಡುತ್ತದೆ. ಹೃದಯದ ರಕ್ತನಾಳ ತೆರೆದಿರಲಿ ಅಂತ ಒಳಗೆ ಕೂರಿಸಿದ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಮುಚ್ಚದಿರಲಿ ಅಂತ ಮಾತ್ರೆ ನುಂಗಿ, ಮೇಲೊಂದು ಬೀಡಿ ಹಚ್ಚಿದರೆ ಏನು ಉಪಯೋಗ? ಹೆದರಿಸಿ ಅಲ್ಲಿಗೇ ನಿಲ್ಲಿಸುವುದಿಲ್ಲ. ಅಟ್ಯಾಕ್ ಆದ ಮೇಲೆ ಪೂರ್ತಿ ಬಿಟ್ಟವರಿಗೆ, ಸೇದುತ್ತಲೇ ಇರುವವರಿಗಿಂತ ಸಾವಿನ ಅಪಾಯ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇದನ್ನು ಕೇಳಿದಾಗ ಮುಖದಲ್ಲಿ ಗೆಲುವು ಬರುತ್ತದೆ.

"ದಿನಕ್ಕೆ ಒಂದಕ್ಕೆ ಇಳಿಸ್ತೀನಿ, ಸಾಕಲ್ವಾ?" ಚೌಕಾಸಿ ಇಲ್ಲಿಗೆ ಬರುತ್ತದೆ. ಸಾಲದು. ದಿನಕ್ಕೆ 20 ಸಿಗರೇಟು ಸೇದುವವರ ಹೃದಯಕ್ಕೆ ಎಷ್ಟು ಹೆಚ್ಚಿನ ಅಪಾಯವೋ, ಒಂದೇ ಸೇದಿದರೂ ಅದರ ಅರ್ಧದ ಹತ್ತಿರಕ್ಕೆ ಇರುತ್ತದೆ. ಬೀಡಿ ಎಲೆಯದ್ದು, ಸೌಮ್ಯ ಅನ್ನುವುದೂ ಸುಳ್ಳು.

ಸೇದುವ ತುಡಿತ ತಗ್ಗಿಸಲು ನಿಕೋಟಿನ್ ಗಮ್ ಕೊಟ್ಟರೆ ಚಾಕೊಲೇಟಿನ ಹಾಗೆ ಜಗಿದು ನುಂಗುತ್ತಾರೆ. ಆಮೇಲೆ ಬಿಕ್ಕಳಿಕೆ, ಎದೆಯುರಿ. ಎದೆಯುರಿ ಬಂದರೆ ಹೃದ್ರೋಗಿ ಗಾಬರಿಯಾಗದೆ ಇರುತ್ತಾನಾ? ಅದಕ್ಕೇ ಎದುರಿಗೇ ಮಾಡಿ ತೋರಿಸುತ್ತೇನೆ. ನಿಧಾನಕ್ಕೆ ಜಗಿಯಬೇಕು, ಬಾಯಿ ಚುರುಗುಟ್ಟಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು ಸುಮ್ಮನಿರಬೇಕು. ಟೀ ಕುಡಿದು 15 ನಿಮಿಷ ಆಗಿರಬೇಕು. ಅಟ್ಯಾಕ್ ಆದ ಹೊಸದರಲ್ಲಿ ಯಾವಾಗ, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಹೆಂಡತಿಯನ್ನೂ ಕೂರಿಸಿಕೊಳ್ಳುತ್ತೇನೆ. "ಬಾಯಿ ಮೂಸಿ ನೋಡಬೇಡಿ ಅಮ್ಮಾ, ಮೊದಲ ವಾರ ಸಿಡುಕಿದರೆ ತಡೆದುಕೊಳ್ಳಿ" ಅನ್ನುತ್ತೇನೆ. ತಂಬಾಕು ಬಿಡಲು ಸಹಾಯ ಮಾಡುವ 1800-11-2356 ಅನ್ನುವ ಉಚಿತ ನಂಬರು ಬರೆದುಕೊಡುತ್ತೇನೆ. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಡಿಸ್ಚಾರ್ಜ್ ಆದ ಮೇಲೆ ಕಡೇ ಪಕ್ಷ ಒಂದು ತಿಂಗಳು ನಾನೇ ಫೋನ್ ಮಾಡುತ್ತಿರುತ್ತೇನೆ. ಸೇದಿದ್ರಾ ಅಂತ ಮೊದಲೇ ಕೇಳಿದರೆ ಮುಂದಿನ ಸಲ ಫೋನೇ ಎತ್ತುವುದಿಲ್ಲ. ಯಾವ ಹೊತ್ತು ಕಷ್ಟ ಆಯ್ತು ಅಂತ ಕೇಳಿದರೆ ತಾವಾಗಿಯೇ ಹೇಳುತ್ತಾರೆ. ಕೊನೆಗೆ ಹೊಗೆಸೊಪ್ಪು, ಗುಟ್ಕಾ ವಿಷಯ ಬೇರೆಯಾಗಿ ಕೇಳಬೇಕು. ಬೀಡಿ ಬಿಟ್ಟೆ ಅನ್ನುವವರಲ್ಲಿ ಕೆಲವರು ಬಾಯಿಗೆ ಹಾಕುವುದನ್ನು ಚಟದ ಲೆಕ್ಕಕ್ಕೇ ಸೇರಿಸಿರುವುದಿಲ್ಲ.