ಮೂರು ತಿಂಗಳ ಲೆಕ್ಕವನ್ನು ಎರಡು ಗಂಟೆಗೆ ಇಳಿಸಿದೆ

ರಕ್ತ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) 6.2 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದಿದ್ದೇವೆ ಅಂತ ಅರ್ಥ. ವರದಿ ನೋಡಿ ನಿಜಕ್ಕೂ ಹೆದರಿದೆ. ಆದರೂ ಅವತ್ತು ರಾತ್ರಿ ಊಟದ ಮೇಲೆ ಸಿಹಿ ತಿಂದೆ.

ಮನಸ್ಸು ಗಟ್ಟಿಯಿಲ್ಲ ಅಂತ ನನ್ನನ್ನೇ ಬೈದುಕೊಂಡು ಆರು ತಿಂಗಳು ಕಳೆದೆ. ಏನೂ ಬದಲಾಗಲಿಲ್ಲ.

ಆಮೇಲೆ ಒಂದು ವಿಷಯ ಹೊಳೆಯಿತು. ಸಿಹಿಯ ರುಚಿ ಬಾಯಿಗಿಟ್ಟ ಕೂಡಲೇ ಸಿಗುತ್ತದೆ. ಅದರ ಪರಿಣಾಮ ಕಾಣಲು ತಿಂಗಳುಗಳೇ ಬೇಕು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಈ ಪರೀಕ್ಷೆ ಅಳೆಯುತ್ತದೆ. ಯಾವ ದಿನದ ಯಾವ ತುತ್ತಿನಿಂದ ಸಂಖ್ಯೆ ಏರಿತು ಅಂತ ಅದರಿಂದ ತಿಳಿಯುವುದಿಲ್ಲ. ಇಷ್ಟು ದೂರದ ಭಯ ಇವತ್ತಿನ ಆಸೆಯನ್ನು ತಡೆಯುವುದು ಕಷ್ಟ.

ಹಾಗಾಗಿ ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಗ್ಲೂಕೋಮೀಟರ್ ತಂದೆ. ಊಟ ಶುರು ಮಾಡಿ ಎರಡು ಗಂಟೆಯಾದ ಮೇಲೆ ಬೆರಳು ಚುಚ್ಚಿ ನೋಡುತ್ತಿದ್ದೆ. ಉಂಡು ಸುಮ್ನೆ ಕೂತ ದಿನ 168. ಮರುದಿನ ಅದೇ ಊಟ ಮಾಡಿ 15 ನಿಮಿಷ ನಡೆದೆ, 139. ಎರಡು ದಿನದ ಲೆಕ್ಕ ನಂಬಬಾರದು ಅಂತ ಎರಡು ವಾರ ಬರೆದಿಟ್ಟೆ. ನಡೆದ ದಿನಗಳಲ್ಲಿ ಹೆಚ್ಚುಕಡಿಮೆ ಪ್ರತಿ ಸಲ ಕಡಿಮೆಯೇ ಇತ್ತು. ಕಾಲಿನ ಸ್ನಾಯುಗಳು ದುಡಿಯುವಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನಡೆದದ್ದರ ಫಲ ಅದೇ ರಾತ್ರಿ ಕಣ್ಣಿಗೆ ಕಂಡಿತು. ನನ್ನನ್ನು ದಿನಾ ನಡೆಯಲು ಎಬ್ಬಿಸಿದ್ದು ಇದೇ.

ಇನ್ನೊಂದು ಸಣ್ಣ ಬದಲಾವಣೆ. ನಾಳೆ ಏನು ತಿನ್ನಬೇಕು, ಅಂಗಡಿಯಿಂದ ಏನು ತರಬೇಕು ಅಂತ ಹೊಟ್ಟೆ ತುಂಬಿರುವಾಗಲೇ ಬರೆದಿಡುತ್ತೇನೆ. ಹಸಿದಾಗ ಪಟ್ಟಿ ಮಾಡಿದರೆ ಅದು ಬೇರೆಯೇ ಪಟ್ಟಿ.

ಆದರೆ ಇಷ್ಟೆಲ್ಲಾ ಇದ್ದೂ ಒಂದು ಕಾಲದಲ್ಲಿ ಪೂರ್ತಿ ಜಾರಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ನಾಲ್ಕು ತಿಂಗಳು ಅದು. ಮುಂದಿನ ತಿಂಗಳೇ ಕಾಣದವನಿಗೆ ಇಪ್ಪತ್ತು ವರ್ಷದ ಆಚೆ ಕಣ್ಣು, ಕಿಡ್ನಿ ಕೆಡುವುದು ಎಲ್ಲಿ ಕಾಣುತ್ತದೆ? ಆಗ ಮನಶ್ಶಾಸ್ತ್ರದ ಸಂಶೋಧಕಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದೆ. ಚಿಕ್ಕ ಮಕ್ಕಳಿಗೆ ಒಳ್ಳೆಯ ಬಣ್ಣಗಳನ್ನು ತಂದುಕೊಡುತ್ತೇವೆ ಅಂತ ಹೇಳಿದರು. ಕೆಲವರಿಗೆ ತಂದುಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಆಮೇಲೆ ಎದುರಿಗೆ ಒಂದು ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಇಟ್ಟು, ಕಾದರೆ ಇನ್ನೊಂದು ಕೊಡುತ್ತೇವೆ ಅಂದರು. ಮಾತು ಉಳಿಸಿಕೊಂಡದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಉಳಿದವರು ಕಾದದ್ದು ಸುಮಾರು 3 ನಿಮಿಷ. ಮಾತು ಸುಳ್ಳಾದದ್ದನ್ನು ನೋಡಿದ ಮಗು ಯಾಕೆ ಕಾಯಬೇಕು, ಅಲ್ವಾ?

ಅದನ್ನು ಓದಿ ನನ್ನನ್ನು ಬೈದುಕೊಳ್ಳುವುದು ಬಿಟ್ಟೆ. ಬೇರೆಯವರನ್ನೂ ಸೋಮಾರಿ ಅನ್ನುವುದು ಬಿಟ್ಟೆ. ಆ ತಿಂಗಳುಗಳಲ್ಲಿ ಸಿಹಿಯ ಗೊಡವೆಗೆ ಹೋಗದೆ, ಹೊತ್ತಿಗೆ ಮಲಗುವುದು ಮತ್ತು ಆ 15 ನಿಮಿಷದ ನಡಿಗೆ, ಇವೆರಡನ್ನೇ ಹಿಡಿದುಕೊಂಡೆ. ಕೆಲಸ ಗಟ್ಟಿಯಾದ ಮೇಲೆ ಸಿಹಿ ತಾನಾಗಿಯೇ ಕಡಿಮೆಯಾಯಿತು.

ಕಳೆದ ಪರೀಕ್ಷೆಯಲ್ಲಿ 5.8 ಬಂತು.